ಕೈತೋಟದಲ್ಲಿ ಅಪರೂಪದ ಆಲೂಗೆಡ್ಡೆ ತಳಿಗಳು

ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳಿಗೆ ಬೇಸಾಯ ಕ್ರಮ

ಮಂಡ್ಯ ಜಿಲ್ಲೆ ಎಂದೊಡನೆ ಕಬ್ಬು, ಭತ್ತ, ರಾಗಿ, ತೆಂಗು, ಹಿಪ್ಪುನೇರಳೆ ನೆನಪಿಗೆ ಬರುತ್ತವೆಯೇ ಹೊರತು ಆಲೂಗೆಡ್ಡೆ ಅಲ್ಲ. ರಾಜ್ಯದಲ್ಲಿ ಆಲೂಗೆಡ್ಡೆಗೆ ಹೆಸರಾದ ಜಿಲ್ಲೆಗಳೆಂದರೆ ಹಾಸನ, ಕೋಲಾರ, ಚಿಕ್ಕಬಳ್ಳಾಪುರ, ಚಿಕ್ಕಮಗಳೂರು, ಬೆಳಗಾವಿ ಮತ್ತು ಧಾರವಾಡ. ಆದರೂ ಈಚಿನ ವರ್ಷಗಳಲ್ಲಿ ನೇರಳೆ ಸಿಪ್ಪೆಯ, ಕೆಂಪು ಸಿಪ್ಪೆಯ, ಹಳದಿ ತಿರುಳಿನ ಆಲೂಗೆಡ್ಡೆಗಳನ್ನು ಕಂಡ ರೈತರು ‘ನಮ್ಮ ಕೈತೋಟದಲ್ಲಿ ಇವನ್ನು ಬೆಳೆಯಬಹುದೇ?’ ಎಂದು ಕೇಳುವುದುಂಟು. ಬೆಳೆಯಬಹುದು. ಆದರೆ ವರ್ಷದಲ್ಲಿ ಒಂದೇ ಕಾಲದಲ್ಲಿ, ಚೊಕ್ಕ ಬಿತ್ತನೆ ಗೆಡ್ಡೆಯಿಂದ ಮಾತ್ರ. ಈ ಎರಡರಲ್ಲಿ ಯಾವುದು ತಪ್ಪಿದರೂ ತಳಿ ಎಷ್ಟೇ ಚೆಂದವಿದ್ದರೂ ಫಲವಿಲ್ಲ. ಬೀಜದ ವಿಷಯದಲ್ಲಿ ತಪ್ಪಿದರಂತೂ ಆ ನೆಲದಲ್ಲಿ ಮುಂದೆ ಟೊಮ್ಯಾಟೊ, ಬದನೆ ಬೆಳೆಯುವುದೂ ಕಷ್ಟವಾಗುತ್ತದೆ.

ಹೊಸ ತಳಿಯನ್ನು ಚಿಕ್ಕ ತಾಕಿನಲ್ಲಿ ಪರೀಕ್ಷಿಸಿ ನೋಡುವುದು ಈ ಜಿಲ್ಲೆಗೆ ಹೊಸದಲ್ಲ. ಭಾರತದ ಮತ್ತು ಆಫ್ರಿಕಾದ ರಾಗಿಗಳನ್ನು ಸಂಕರಿಸಿ ಡಾ. ಲಕ್ಷ್ಮಣಯ್ಯನವರು ಇಂಡಾಫ್ ತಳಿಗಳನ್ನು ರೂಪಿಸಿದ್ದು ಮಂಡ್ಯದ ವಿ.ಸಿ. ಫಾರಂನಲ್ಲಿ. ಮಳವಳ್ಳಿ ತಾಲ್ಲೂಕಿನ ಕಿರುಗಾವಲಿನ ಸೈಯದ್ ಘನಿ ಖಾನ್ ಅವರು ನೂರಾರು ಭತ್ತದ ತಳಿಗಳನ್ನು ಸಣ್ಣ ಸಣ್ಣ ತಾಕುಗಳಲ್ಲಿ ಬೆಳೆದು ಉಳಿಸಿಕೊಂಡು ಬಂದಿದ್ದಾರೆ. ಆಲೂಗೆಡ್ಡೆಗೂ ಇದೇ ಕ್ರಮ ಒಳ್ಳೆಯದು. ಎಕರೆಗಟ್ಟಲೆ ಹಣ ಹಾಕುವ ಮೊದಲು ನಾಲ್ಕು ಸಾಲು ಬೆಳೆದು ನೋಡಬೇಕು.

ಹವಾಗುಣ ಮತ್ತು ನಾಟಿಯ ಕಾಲ

ಆಲೂಗೆಡ್ಡೆ ದಕ್ಷಿಣ ಅಮೆರಿಕದ ಆಂಡಿಸ್ ಪರ್ವತ ಪ್ರದೇಶದ ಬೆಳೆ. ಹಗಲು ಹಿತವಾದ ಬಿಸಿಲು, ರಾತ್ರಿ ತಂಪು ಇದಕ್ಕೆ ಬೇಕು. ಗೆಡ್ಡೆ ಕಟ್ಟಲು ರಾತ್ರಿಯ ಉಷ್ಣಾಂಶ 15ರಿಂದ 20 ಡಿಗ್ರಿ ಸೆಂಟಿಗ್ರೇಡ್ ಇದ್ದರೆ ಉತ್ತಮ. ರಾತ್ರಿ ಸೆಕೆ ಇದ್ದರೆ ಎಲೆಯಲ್ಲಿ ತಯಾರಾದ ಆಹಾರ ಗೆಡ್ಡೆಗೆ ಇಳಿಯುವುದಿಲ್ಲ. ಗಿಡ ಸೊಂಪಾಗಿ ಬೆಳೆದು ಮೊಣಕಾಲೆತ್ತರ ನಿಂತರೂ ಬುಡದಲ್ಲಿ ಗೋಲಿಯಷ್ಟು ಗಾತ್ರದ ಗೆಡ್ಡೆ ಮಾತ್ರ ಇರುತ್ತದೆ.

ಹಾಸನ 900 ಮೀಟರಿಗೂ ಎತ್ತರದಲ್ಲಿರುವ ಕಾರಣ ಅಲ್ಲಿ ಮುಂಗಾರಿನಲ್ಲಿಯೇ ಬೆಳೆ ತೆಗೆಯುತ್ತಾರೆ. ಮಂಡ್ಯದ ಎತ್ತರ ಸುಮಾರು 680 ಮೀಟರ್. ಹಾಸನದವರನ್ನು ನೋಡಿ ಮೇ-ಜೂನ್ ತಿಂಗಳಲ್ಲಿ ಇಲ್ಲಿ ನಾಟಿ ಮಾಡುವುದು ಸೂಕ್ತವಲ್ಲ. ನಮ್ಮಲ್ಲಿ ಡಿಸೆಂಬರ್-ಜನವರಿಯಲ್ಲಿ ರಾತ್ರಿಯ ಉಷ್ಣಾಂಶ ಸಾಮಾನ್ಯವಾಗಿ 15ರಿಂದ 18 ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ. ಗೆಡ್ಡೆ ಕಟ್ಟುವ ಹಂತ ಈ ಎರಡು ತಿಂಗಳಿಗೆ ಸರಿಯಾಗಿ ಬರುವಂತೆ ನಾಟಿಯ ದಿನವನ್ನು ಗೊತ್ತು ಮಾಡಿಕೊಳ್ಳಬೇಕು.

ನಾಟಿಯಾದ 30-35 ದಿನಗಳಿಗೆ ಗೆಡ್ಡೆ ಕಟ್ಟಲು ಆರಂಭವಾಗುತ್ತದೆ. ಆದ್ದರಿಂದ ಸ್ವಾತಿ ಮಳೆಯ ಜೋರು ಕಳೆದ ಮೇಲೆ, ಅಂದರೆ ನವೆಂಬರ್ ಮೊದಲ ವಾರದಿಂದ 20ನೇ ತಾರೀಖಿನೊಳಗೆ ನಾಟಿ ಮುಗಿಸಬೇಕು. ಅಕ್ಟೋಬರಿನ ದೊಡ್ಡ ಮಳೆಗೆ ಸಿಕ್ಕಿದರೆ ಗೆಡ್ಡೆ ನೆಲದಲ್ಲೇ ಕೊಳೆಯುತ್ತದೆ. ಡಿಸೆಂಬರ್ ಕೊನೆಗೆ ನಾಟಿ ಮಾಡಿದರೆ ಗೆಡ್ಡೆ ದಪ್ಪವಾಗುವ ಹೊತ್ತಿಗೆ ಬಿಸಿಲೇರಿರುತ್ತದೆ. ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಓಡಿಹೋಗುತ್ತದೆ ಎಂಬ ಮಾತು ಎಲ್ಲರಿಗೂ ತಿಳಿದದ್ದೇ. ಅಷ್ಟರೊಳಗೆ ಗೆಡ್ಡೆ ಮನೆ ಸೇರಿರಬೇಕು.

ತಳಿಗಳ ಆಯ್ಕೆ

ನಮ್ಮ ದೇಶದ ಬಹುತೇಕ ಆಲೂಗೆಡ್ಡೆ ತಳಿಗಳ ಹೆಸರಿನ ಮುಂದೆ ‘ಕುಫ್ರಿ’ ಎಂಬ ಪದವಿರುತ್ತದೆ. ಕುಫ್ರಿ ಎಂಬುದು ಶಿಮ್ಲಾ ಬಳಿಯ ಊರು. 1949ರಲ್ಲಿ ಪಟ್ನಾದಲ್ಲಿ ಸ್ಥಾಪನೆಯಾಗಿ 1956ರಲ್ಲಿ ಶಿಮ್ಲಾಕ್ಕೆ ಸ್ಥಳಾಂತರವಾದ ಕೇಂದ್ರೀಯ ಆಲೂಗೆಡ್ಡೆ ಸಂಶೋಧನಾ ಸಂಸ್ಥೆಯ ಕೇಂದ್ರವೊಂದು ಅಲ್ಲಿದೆ. ಕೈತೋಟದಲ್ಲಿ ಪರೀಕ್ಷಿಸಲು ಯೋಗ್ಯವಾದ ತಳಿಗಳು ಇವು:

ಕುಫ್ರಿ ಜ್ಯೋತಿ (1968): ಬಿಳಿ ಸಿಪ್ಪೆ, ಮೇಲುಗಣ್ಣು. ಹಾಸನದಲ್ಲಿ ಬಹುಕಾಲದಿಂದ ರೂಢಿಯಲ್ಲಿರುವ ತಳಿ. ಅಪರೂಪದ್ದಲ್ಲದಿದ್ದರೂ ಹೋಲಿಕೆಗಾಗಿ ಒಂದು ಸಾಲು ಇದನ್ನು ಹಾಕಲೇಬೇಕು. ಬಿಡುಗಡೆಯಾದಾಗ ಇದ್ದ ಅಂಗಮಾರಿ ನಿರೋಧಕ ಗುಣ ಈಗ ಉಳಿದಿಲ್ಲ.

ಕುಫ್ರಿ ಸೂರ್ಯ (2006): ಬಿಳಿ ಸಿಪ್ಪೆ, ತಿಳಿ ಹಳದಿ ತಿರುಳು, ಉದ್ದನೆಯ ಗೆಡ್ಡೆ. ಸೆಕೆಯನ್ನು ತಡೆದುಕೊಳ್ಳುವ ತಳಿ. ಇತರ ತಳಿಗಳು ಗೆಡ್ಡೆ ಕಟ್ಟಲು ಹಿಂಜರಿಯುವ ಬೆಚ್ಚನೆಯ ರಾತ್ರಿಗಳಲ್ಲಿಯೂ ಇದು ಗೆಡ್ಡೆ ಕಟ್ಟುತ್ತದೆ. ಮಂಡ್ಯದಂಥ ಬಯಲು ಸೀಮೆಗೆ ಎಲ್ಲಕ್ಕಿಂತ ಭರವಸೆಯ ತಳಿ ಇದೇ.

ಕುಫ್ರಿ ಪುಖ್ರಾಜ್ (1998): ಹಳದಿ ತಿರುಳು, ಬೇಗ ಬಲಿಯುತ್ತದೆ. ನಮ್ಮ ಕಿರಿದಾದ ಚಳಿಗಾಲಕ್ಕೆ ಹೊಂದುತ್ತದೆ.

ಕುಫ್ರಿ ಲಾಲಿಮಾ (1982): ಕೆಂಪು ಸಿಪ್ಪೆ, ಬಿಳಿ ತಿರುಳು, ದುಂಡನೆಯ ಗೆಡ್ಡೆ. ಸುಮಾರು 90-100 ದಿನಗಳ ಬೆಳೆ.

ಕುಫ್ರಿ ನೀಲಕಂಠ: ಕಡು ನೇರಳೆ ಸಿಪ್ಪೆ. ಒಳಗಿನ ತಿರುಳು ನೇರಳೆಯಲ್ಲ, ತಿಳಿ ಹಳದಿ. ಇದನ್ನು ಶಿಫಾರಸು ಮಾಡಿರುವುದು ಉತ್ತರ ಭಾರತದ ಬಯಲು ಪ್ರದೇಶಕ್ಕೆ. ಆದ್ದರಿಂದ ನಮ್ಮಲ್ಲಿ ಇದನ್ನು ಪರೀಕ್ಷೆಯ ಬೆಳೆ ಎಂದೇ ತಿಳಿಯಬೇಕು.

ತಿರುಳೂ ನೇರಳೆಯಾಗಿರುವ ಕುಫ್ರಿ ಜಾಮುನಿಯಾ ತೀರ ಈಚಿನದು. ಕೆಂಪು ಸಿಪ್ಪೆಯ ಕುಫ್ರಿ ಸಿಂಧೂರಿ (1967) ಹೆಸರಾದ ತಳಿಯೇ ಆದರೂ ಬಲಿಯಲು ಹೆಚ್ಚು ದಿನ ಬೇಕಾಗುವುದರಿಂದ ನಮ್ಮ ಚಳಿಗಾಲದ ಅವಧಿ ಅದಕ್ಕೆ ಸಾಲದು.

ನಾಲ್ಕೈದು ತಳಿಗಳನ್ನು ಒಟ್ಟಿಗೆ ಹಾಕುವುದು ಬರೀ ಚೆಂದಕ್ಕಲ್ಲ. 1845ರಿಂದ ಐರ್ಲೆಂಡ್ ದೇಶದಲ್ಲಿ ಅಂಗಮಾರಿ ರೋಗ ಆಲೂಗೆಡ್ಡೆಗೆ ಬಿದ್ದಾಗ ಬಡವರು ನೆಚ್ಚಿದ್ದು ಹೆಚ್ಚಾಗಿ ಲಂಪರ್ ಎಂಬ ಒಂದೇ ತಳಿಯನ್ನು. ಮುಂದಿನ ಕೆಲವೇ ವರ್ಷಗಳಲ್ಲಿ ಹಸಿವು ಮತ್ತು ಕಾಯಿಲೆಯಿಂದ ಸುಮಾರು ಹತ್ತು ಲಕ್ಷ ಜನ ಸತ್ತರು. ಒಂದೇ ತಳಿಯನ್ನು ನಂಬಿದರೆ ಎಷ್ಟು ಅಪಾಯವೆಂಬುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಡ.

ಬಿತ್ತನೆ ಗೆಡ್ಡೆ

ಈ ಬೆಳೆಯ ಜೀವಾಳ ಬಿತ್ತನೆ ಗೆಡ್ಡೆ. ಅಂಗಡಿಯಲ್ಲಿ ಅಡುಗೆಗೆಂದು ಮಾರುವ ಗೆಡ್ಡೆಯನ್ನು ಬಿತ್ತನೆಗೆ ಬಳಸಬಾರದು. ಅದು ನೋಡಲು ಚೊಕ್ಕವಾಗಿದ್ದರೂ ಒಳಗೆ ನಂಜು ರೋಗ ಅಥವಾ ದುಂಡಾಣು ಸೊರಗು ರೋಗವನ್ನು ಹೊತ್ತಿರಬಹುದು.

ವಿಶೇಷವಾಗಿ ಎರಡು ಎಚ್ಚರಿಕೆಗಳನ್ನು ಪಾಲಿಸಬೇಕು. ಮೊದಲನೆಯದು, ಊಟಿಯ ಆಲೂಗೆಡ್ಡೆ. ನೀಲಗಿರಿ ಬೆಟ್ಟಗಳಲ್ಲಿ 1961ರಲ್ಲಿ ಆಲೂಗೆಡ್ಡೆಯ ಬೇರಿಗೆ ಬೀಳುವ ಕೋಶ ಜಂತುಹುಳು ಪತ್ತೆಯಾಯಿತು. ಈ ಹುಳುವಿನ ಕೋಶ ಮಣ್ಣಿನಲ್ಲಿ ಹಲವು ವರ್ಷ ಜೀವ ಹಿಡಿದಿರುತ್ತದೆ. ಆದ್ದರಿಂದ ಅಲ್ಲಿಂದ ಬಿತ್ತನೆ ಗೆಡ್ಡೆಯನ್ನು ಹೊರಗೆ ಸಾಗಿಸುವುದನ್ನು ಸಸ್ಯ ಸಂಪರ್ಕ ತಡೆ ಕಾನೂನಿನಡಿ ನಿಷೇಧಿಸಲಾಗಿದೆ. ಊಟಿಗೆ ಹೋದವರು ತಂದ ಗೆಡ್ಡೆಯನ್ನು ಬೇಯಿಸಿ ತಿನ್ನಬಹುದು, ನೆಡಬಾರದು. ಸಿಪ್ಪೆಗೆ ಅಂಟಿದ ಮಣ್ಣನ್ನೂ ತೋಟಕ್ಕೆ ಎಸೆಯಬಾರದು. ಎರಡನೆಯದು, ಹೊರದೇಶದಿಂದ ಬರುವ ನೆಂಟರು ಪೆಟ್ಟಿಗೆಯಲ್ಲಿ ತರುವ ಬಣ್ಣದ ಗೆಡ್ಡೆ. ಪರವಾನಗಿಯಿಲ್ಲದೆ ಗೆಡ್ಡೆ ತರುವುದು ಕಾನೂನಿಗೆ ವಿರುದ್ಧ. ಒಂದು ಗೆಡ್ಡೆಯೊಡನೆ ನಮ್ಮಲ್ಲಿಲ್ಲದ ರೋಗ ಬಂದು ನೆಲೆಯೂರಬಹುದು.

ಒಳ್ಳೆಯ ಬೀಜ ಎಲ್ಲಿಂದ ತರಬೇಕು? ದೃಢೀಕೃತ ಬಿತ್ತನೆ ಗೆಡ್ಡೆ ಹೆಚ್ಚಾಗಿ ಪಂಜಾಬಿನ ಜಲಂಧರ್ ಕಡೆಯಿಂದ ಬರುತ್ತದೆ. ಅಲ್ಲಿ ಸಸ್ಯಹೇನುಗಳು ಕಡಿಮೆಯಿರುವ ಚಳಿ ತಿಂಗಳುಗಳಲ್ಲಿ ಬೀಜದ ಬೆಳೆ ತೆಗೆಯುವುದರಿಂದ ನಂಜು ರೋಗದ ಬಾಧೆ ಕಡಿಮೆ. ಕೋಲಾರ, ಚಿಕ್ಕಬಳ್ಳಾಪುರ ಭಾಗದ ಚಳಿಗಾಲದ ಬೆಳೆಗೆ ಅಕ್ಟೋಬರ್-ನವೆಂಬರಿನಲ್ಲಿ ಶೈತ್ಯಾಗಾರದ ಬೀಜ ಬರುತ್ತದೆ. ನಾಲ್ಕಾರು ಮನೆಯವರು ಸೇರಿ ಒಟ್ಟಿಗೆ ತರಿಸಿಕೊಂಡರೆ ಖರ್ಚು ಹಗುರ. ಚೀಲದ ಮೇಲಿನ ದೃಢೀಕರಣ ಚೀಟಿಯನ್ನು ನೋಡಿ ತೆಗೆದುಕೊಳ್ಳಬೇಕು.

ಇನ್ನೊಂದು ದಾರಿಯೆಂದರೆ ಅಂಗಾಂಶ ಕೃಷಿಯಿಂದ ಪಡೆದ ತಾಯಿ ಗಿಡಗಳ ತುದಿಯನ್ನು ಕತ್ತರಿಸಿ ಬೇರು ಬರಿಸಿದ ಸಸಿಗಳು. ಬಾಗಲಕೋಟೆಯ ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯ ಮತ್ತು ಅಂತಾರಾಷ್ಟ್ರೀಯ ಆಲೂಗೆಡ್ಡೆ ಕೇಂದ್ರ ಸೇರಿ ಈ ವಿಧಾನವನ್ನು ಹಾಸನ ಭಾಗದಲ್ಲಿ ಬಳಕೆಗೆ ತಂದಿವೆ. ಟೊಮ್ಯಾಟೊ ಸಸಿಯಂತೆಯೇ ಇದನ್ನು ನಾಟಿ ಮಾಡಬಹುದು. ಬೀಜದಿಂದ ಬರುವ ರೋಗ ಇದರಲ್ಲಿ ಇರುವುದಿಲ್ಲ.

ಶೈತ್ಯಾಗಾರದಿಂದ ತಂದ ಗೆಡ್ಡೆಯನ್ನು ಕೂಡಲೇ ನೆಡಬಾರದು. ಗಾಳಿಯಾಡುವ ನೆರಳಿನಲ್ಲಿ ಒಂದೇ ಪದರವಾಗಿ 10-15 ದಿನ ಹರಡಬೇಕು. ಮಂದ ಬೆಳಕಿನಲ್ಲಿ ಮೊಳಕೆ ಗಿಡ್ಡವಾಗಿ, ದಪ್ಪವಾಗಿ, ಗಟ್ಟಿಯಾಗಿ ಬರುತ್ತದೆ. ಕೊಳೆತ, ಮೆತ್ತಗಾದ ಗೆಡ್ಡೆಗಳನ್ನು ಆರಿಸಿ ತೆಗೆಯಬೇಕು. ಕೈತೋಟಕ್ಕೆ 30-40 ಗ್ರಾಂ ತೂಕದ ಇಡೀ ಗೆಡ್ಡೆಯೇ ಲೇಸು. ಹೆಚ್ಚಿ ನೆಟ್ಟರೆ ಕತ್ತಿಯ ಮೂಲಕ ಒಂದರ ರೋಗ ಇನ್ನೊಂದಕ್ಕೆ ಅಂಟುತ್ತದೆ.

ಮಣ್ಣು ಮತ್ತು ಮಡಿ ತಯಾರಿಕೆ

ನೀರು ಬಸಿಯುವ ಕೆಂಪು ಮರಳುಮಿಶ್ರಿತ ಗೋಡು ಮಣ್ಣು ಈ ಬೆಳೆಗೆ ಒಳ್ಳೆಯದು. ಮಳವಳ್ಳಿ ತಾಲ್ಲೂಕಿನ ಮೇಲುಭೂಮಿಯ ಕೆಮ್ಮಣ್ಣು ಹೀಗಿದೆ. ಮಂಡ್ಯ, ಮದ್ದೂರು ತಾಲ್ಲೂಕುಗಳಲ್ಲಿ ವಿಶ್ವೇಶ್ವರಯ್ಯ ನಾಲೆಯ ಕೆಳಗಿನ ತಗ್ಗು ಗದ್ದೆಗಳು, ಜೌಗು ಮತ್ತು ಚೌಳು ಹತ್ತಿದ ನೆಲ ಇದಕ್ಕೆ ಆಗದು. ಅಂಥ ಕಡೆ ಮನೆಯ ಹಿತ್ತಲಿನ ಎತ್ತರದ ಜಾಗವನ್ನೇ ಆರಿಸಬೇಕು. ಹಿಂದಿನ ಎರಡು-ಮೂರು ವರ್ಷಗಳಲ್ಲಿ ಟೊಮ್ಯಾಟೊ, ಬದನೆ, ಮೆಣಸಿನಕಾಯಿ ಬೆಳೆದ ಜಾಗವನ್ನು ಬಿಡಬೇಕು. ಇವೆಲ್ಲ ಒಂದೇ ಕುಟುಂಬದ ಬೆಳೆಗಳು, ಒಂದರ ರೋಗ ಇನ್ನೊಂದಕ್ಕೆ ತಗಲುತ್ತದೆ. ರಾಗಿ ಅಥವಾ ಮುಸುಕಿನ ಜೋಳ ಬೆಳೆದ ಜಾಗ ಉತ್ತಮ.

4 ಮೀಟರ್ ಉದ್ದ, 3 ಮೀಟರ್ ಅಗಲದ ಮಡಿಯನ್ನು ಲೆಕ್ಕಕ್ಕೆ ಹಿಡಿಯೋಣ. ಇದರಲ್ಲಿ 60 ಸೆಂ.ಮೀ. ಅಂತರದ 5 ಸಾಲುಗಳು ಬರುತ್ತವೆ. ಸಾಲಿನಲ್ಲಿ 20 ಸೆಂ.ಮೀ.ಗೆ ಒಂದರಂತೆ 20 ಗೆಡ್ಡೆ, ಒಟ್ಟು 100 ಗೆಡ್ಡೆ ಹಿಡಿಯುತ್ತವೆ. 40 ಗ್ರಾಂ ಗಾತ್ರದ್ದಾದರೆ 4 ಕಿಲೋ ಬೀಜ ಸಾಕು. ತಳಿಗೆ ಒಂದು ಸಾಲಿನಂತೆ ಐದು ತಳಿ ಹಾಕಬಹುದು. ಪ್ರತಿ ಸಾಲಿನ ತಲೆಗೆ ಹೆಸರು ಬರೆದ ಗೂಟ ನೆಡುವುದನ್ನು ಮರೆಯಬಾರದು. ಬಿಳಿ ಗೆಡ್ಡೆಯ ತಳಿಗಳು ಒಮ್ಮೆ ಬೆರೆತರೆ ಆಮೇಲೆ ಗುರುತು ಸಿಗುವುದಿಲ್ಲ.

ಗೊಬ್ಬರ

ಈ ಮಡಿಗೆ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ 30 ಕಿಲೋ ಮತ್ತು ಬೇವಿನ ಅಥವಾ ಹೊಂಗೆ ಹಿಂಡಿ 1 ಕಿಲೋ ಸೇರಿಸಿ ಮಣ್ಣನ್ನು ಒಂದಡಿ ಆಳ ಅಗೆದು ಹದ ಮಾಡಬೇಕು. ಹಸಿ ಗೊಬ್ಬರ ಹಾಕಿದರೆ ಗೊಣ್ಣೆ ಹುಳು ಮತ್ತು ಗೆದ್ದಲಿನ ಕಾಟ ಹೆಚ್ಚು. ಹೆಕ್ಟೇರಿಗೆ 125 ಕಿಲೋ ಸಾರಜನಕ, 100 ಕಿಲೋ ರಂಜಕ, 125 ಕಿಲೋ ಪೊಟ್ಯಾಷ್ ಎಂಬ ಪ್ರಮಾಣವನ್ನು ಆಧಾರವಾಗಿಟ್ಟುಕೊಂಡರೆ ನಮ್ಮ ಮಡಿಗೆ ಯೂರಿಯಾ 325 ಗ್ರಾಂ, ಸೂಪರ್ ಫಾಸ್ಫೇಟ್ 750 ಗ್ರಾಂ, ಮ್ಯುರೇಟ್ ಆಫ್ ಪೊಟ್ಯಾಷ್ 250 ಗ್ರಾಂ ಆಗುತ್ತದೆ. ಅರ್ಧ ಯೂರಿಯಾ ಮತ್ತು ಉಳಿದೆರಡನ್ನು ಪೂರ್ಣವಾಗಿ ನಾಟಿಗೆ ಮೊದಲು ಸಾಲಿಗೆ ಕೊಟ್ಟು ಮಣ್ಣಿನಲ್ಲಿ ಬೆರೆಸಬೇಕು. ಗೊಬ್ಬರ ನೇರವಾಗಿ ಗೆಡ್ಡೆಗೆ ತಾಕಬಾರದು. ಉಳಿದ ಯೂರಿಯಾವನ್ನು 30ನೇ ದಿನ ಮಣ್ಣೇರಿಸುವಾಗ ಕೊಡಬೇಕು. ಯೂರಿಯಾ ಅತಿಯಾದರೆ ಸೊಪ್ಪು ಹೆಚ್ಚಿ ಗೆಡ್ಡೆ ತಡವಾಗುತ್ತದೆ.

ನಾಟಿ, ನೀರು, ಮಣ್ಣೇರಿಸುವುದು

ಮೊಳಕೆ ಮೇಲ್ಮುಖವಾಗುವಂತೆ ಗೆಡ್ಡೆಯನ್ನು 5-7 ಸೆಂ.ಮೀ. ಆಳದಲ್ಲಿಟ್ಟು ಮಣ್ಣು ಮುಚ್ಚಿ ಬೋದು ಮಾಡಬೇಕು. ತೆಳುವಾಗಿ ನೀರು ಕೊಟ್ಟು, ಮೇಲೆ ಕಬ್ಬಿನ ತರಗನ್ನು ಹರಡಿದರೆ ನೆಲ ತಂಪಾಗಿರುತ್ತದೆ, ತೇವ ಆರುವುದಿಲ್ಲ. ನಮ್ಮ ಜಿಲ್ಲೆಯಲ್ಲಿ ತರಗಿಗೆ ಬರವಿಲ್ಲ. ಬೆಂಕಿ ಹಾಕಿ ಸುಡುವುದಕ್ಕಿಂತ ಹೀಗೆ ಬಳಸುವುದು ಲಾಭ. ಗೆದ್ದಲು ಕಂಡರೆ ಮಾತ್ರ ತರಗನ್ನು ತೆಗೆಯಬೇಕು.

ಕೆಂಪು ಮಣ್ಣಿಗೆ 6-8 ದಿನಗಳಿಗೊಮ್ಮೆ ನೀರು ಬೇಕು. ಬೋದಿನ ಮೂರನೆಯ ಎರಡು ಭಾಗ ನೆನೆದರೆ ಸಾಕು, ಬೋದು ಮುಳುಗಬಾರದು. ನಾಲೆಯ ನೀರು ಸರದಿಯಲ್ಲಿ ಬರುವುದರಿಂದ ಅದನ್ನೇ ನೆಚ್ಚದೆ ಬಾವಿ ಅಥವಾ ಮನೆಯ ಬಳಕೆಯ ನೀರಿನ ಅನುಕೂಲವಿರುವ ಕಡೆ ಮಡಿ ಮಾಡುವುದು ಒಳ್ಳೆಯದು. 35ರಿಂದ 70ನೇ ದಿನದವರೆಗೆ ತೇವದಲ್ಲಿ ಏರುಪೇರಾದರೆ ಗೆಡ್ಡೆ ಸೀಳುತ್ತದೆ, ಆಕಾರ ಕೆಡುತ್ತದೆ.

ಗಿಡ ಒಂದು ಗೇಣು ಎತ್ತರವಾದಾಗ, ಅಂದರೆ ಸುಮಾರು 30ನೇ ದಿನ, ಕಳೆ ತೆಗೆದು ಬುಡಕ್ಕೆ ಮಣ್ಣೇರಿಸಬೇಕು. 45ನೇ ದಿನ ಇನ್ನೊಮ್ಮೆ ಏರಿಸಬೇಕು. ಗೆಡ್ಡೆಯ ಮೇಲೆ ಬೆಳಕು ಬಿದ್ದರೆ ಅದು ಹಸಿರಾಗುತ್ತದೆ, ಪತಂಗವೂ ಮೊಟ್ಟೆಯಿಡುತ್ತದೆ. ಮಣ್ಣು ಬಿರುಕು ಬಿಡದಂತೆ ನೋಡಿಕೊಳ್ಳಬೇಕು.

ಹಿತ್ತಲಿಲ್ಲದ ಪಟ್ಟಣದ ಮನೆಗಳಲ್ಲಿ ಹಳೆಯ ಸಿಮೆಂಟ್ ಚೀಲವನ್ನು ಚೆನ್ನಾಗಿ ತೊಳೆದು, ತಳಕ್ಕೆ ತೂತು ಮಾಡಿ, ಮಣ್ಣು, ಮರಳು, ಗೊಬ್ಬರ ಸಮಪಾಲು ತುಂಬಿ ಚೀಲಕ್ಕೆ ಎರಡು ಗೆಡ್ಡೆ ನೆಡಬಹುದು. ಚೀಲವನ್ನು ಎತ್ತರಕ್ಕೆ ತುಂಬುತ್ತಾ ಹೋದಷ್ಟೂ ಗೆಡ್ಡೆ ಹೆಚ್ಚುತ್ತದೆ ಎಂಬ ಮಾತು ನಿಜವಲ್ಲ. ಬುಡ ಮುಚ್ಚುವಷ್ಟು ಮಣ್ಣು ಸಾಕು.

ಕೀಟ ಮತ್ತು ರೋಗಗಳು

ಅಂಗಮಾರಿ ರೋಗ: ಬಂಗಾಳ ಕೊಲ್ಲಿಯಲ್ಲಿ ಚಂಡಮಾರುತವೆದ್ದು ಎರಡು-ಮೂರು ದಿನ ಮೋಡ ಕವಿದು ಸೋನೆ ಹಿಡಿದರೆ ಈ ರೋಗ ಬರುತ್ತದೆ. ಎಲೆಯ ಅಂಚಿನಲ್ಲಿ ನೀರಿನಿಂದ ತೊಯ್ದಂಥ ಕಂದು ಮಚ್ಚೆ, ಬೆಳಗಿನ ಹೊತ್ತು ಎಲೆಯ ಅಡಿಯಲ್ಲಿ ಬಿಳಿ ಬೂಷ್ಟು ಇದರ ಲಕ್ಷಣ. ಬೇಸಾಯ ಕೈತೋಟದ್ದಾದರೂ ಉದಾಸೀನ ಸಲ್ಲದು. ಇದೇ ರೋಗ ಗಾಳಿಯಲ್ಲಿ ಹರಡಿ ಅಕ್ಕಪಕ್ಕದ ಹೊಲದ ಟೊಮ್ಯಾಟೊ ಬೆಳೆಯನ್ನು ಸುಟ್ಟಂತೆ ಮಾಡುತ್ತದೆ. ಹತ್ತು ಅಡಿ ಅಗಲದ ಮಡಿಯಿಂದ ನೆರೆಯವರ ಒಂದು ವರ್ಷದ ದುಡಿಮೆ ಹಾಳಾಗಬಾರದು. ಮೋಡ ಕವಿದ ಕೂಡಲೇ, ರೋಗ ಕಾಣುವ ಮೊದಲೇ, ಶೇ. 1ರ ಬೋರ್ಡೋ ದ್ರಾವಣ ಅಥವಾ ಲೀಟರ್ ನೀರಿಗೆ 2 ಗ್ರಾಂ ಮ್ಯಾಂಕೋಜೆಬ್ ಬೆರೆಸಿ ಎಲೆಯ ಎರಡೂ ಬದಿಗೆ ಸಿಂಪಡಿಸಬೇಕು. ರೋಗ ಹತ್ತಿದ ಗಿಡಗಳನ್ನು ಕಿತ್ತು ಹೂಳಬೇಕು, ತಿಪ್ಪೆಗೆ ಹಾಕಬಾರದು.

ದುಂಡಾಣು ಸೊರಗು ರೋಗ: ಹಸಿರಾಗಿದ್ದ ಗಿಡ ನೀರಿದ್ದರೂ ಇದ್ದಕ್ಕಿದ್ದಂತೆ ಜೋಲುತ್ತದೆ. ಬುಡದ ಕಾಂಡವನ್ನು ಕತ್ತರಿಸಿ ಗಾಜಿನ ಲೋಟದ ತಿಳಿನೀರಿನಲ್ಲಿ ತೂಗಿ ಹಿಡಿದರೆ ಕೆಲವು ನಿಮಿಷಗಳಲ್ಲಿ ಹಾಲಿನಂಥ ಬಿಳಿ ಎಳೆ ಕೆಳಗಿಳಿಯುವುದು ಕಾಣುತ್ತದೆ. ಇದಕ್ಕೆ ಔಷಧಿಯಿಲ್ಲ. ಗಿಡವನ್ನು ಗೆಡ್ಡೆ ಸಮೇತ ಕಿತ್ತು ಸುಟ್ಟು, ಅಲ್ಲಿಂದ ಇತರ ಸಾಲಿಗೆ ನೀರು ಹರಿಯದಂತೆ ಮಾಡಬೇಕು. ಆ ಜಾಗದಲ್ಲಿ ಮುಂದೆ ಮೂರು ವರ್ಷ ರಾಗಿ, ಜೋಳಗಳನ್ನಷ್ಟೇ ಬೆಳೆಯಬೇಕು.

ನಂಜು ರೋಗ: ಎಲೆ ಮುದುಡಿ, ಹಳದಿ-ಹಸಿರು ಮಚ್ಚೆ ಬಿದ್ದು ಗಿಡ ಕುಳ್ಳಾಗುತ್ತದೆ. ಅಂಥ ಗಿಡವನ್ನು ಕಿತ್ತುಹಾಕಬೇಕು. ಇದನ್ನು ಹರಡುವ ಸಸ್ಯಹೇನಿಗೆ ಶೇ. 4ರ ಬೇವಿನ ಬೀಜದ ಕಷಾಯ ಸಿಂಪಡಿಸಬಹುದು.

ಗೆಡ್ಡೆ ಪತಂಗ: ಇದರ ಮರಿಹುಳು ಗೆಡ್ಡೆಯನ್ನು ಕೊರೆಯುತ್ತದೆ. ಮಣ್ಣೇರಿಸುವುದೇ ಮುಖ್ಯ ರಕ್ಷಣೆ. ಅಗೆದ ಗೆಡ್ಡೆಯನ್ನು ರಾತ್ರಿ ಬಯಲಿನಲ್ಲಿ ಬಿಡಬಾರದು.

ಕೊಯ್ಲು ಮತ್ತು ಇಳುವರಿ

90-100 ದಿನಗಳಿಗೆ ಎಲೆ ಹಳದಿಯಾಗುತ್ತದೆ. ಅಗೆಯುವ 10 ದಿನ ಮೊದಲು ನೀರು ನಿಲ್ಲಿಸಿ, ಗಿಡವನ್ನು ನೆಲಮಟ್ಟಕ್ಕೆ ಕೊಯ್ದರೆ ಸಿಪ್ಪೆ ಬಲಿಯುತ್ತದೆ. ಹೆಬ್ಬೆರಳಿನಿಂದ ಉಜ್ಜಿದಾಗ ಸಿಪ್ಪೆ ಸುಲಿಯದಿದ್ದರೆ ಅಗೆಯಲು ಹದವೆಂದು ತಿಳಿಯಬೇಕು. ಬೆಳಗಿನ ತಂಪಿನಲ್ಲಿ ಅಗೆದು ನೆರಳಿನಲ್ಲಿ ಆರಿಸಬೇಕು.

ಬೆಳೆ ಚೆನ್ನಾಗಿ ಬಂದರೆ 4 ಕಿಲೋ ಬೀಜಕ್ಕೆ 15ರಿಂದ 20 ಕಿಲೋ ಗೆಡ್ಡೆ ನಿರೀಕ್ಷಿಸಬಹುದು. ಪ್ರತಿ ಸಾಲಿನ ಗೆಡ್ಡೆಯನ್ನು ಬೇರೆಯಾಗಿ ತೂಗಿ, ನಾಟಿಯ ದಿನ, ಮೊಳೆತ ಗಿಡಗಳ ಸಂಖ್ಯೆ, ರೋಗ ಕಂಡ ದಿನ, ದೊಡ್ಡ ಮತ್ತು ಸಣ್ಣ ಗೆಡ್ಡೆಗಳ ತೂಕ ಇವಿಷ್ಟನ್ನು ಪುಸ್ತಕದಲ್ಲಿ ಬರೆದಿಡಬೇಕು. ಜ್ಯೋತಿ ತಳಿಯ ಸಾಲಿಗೆ ಹೋಲಿಸಿ ನೋಡಿದರೆ ಯಾವ ತಳಿ ನಿಮ್ಮ ಮಣ್ಣಿಗೆ ಒಗ್ಗಿತೆಂಬುದು ತಿಳಿಯುತ್ತದೆ. ಎರಡು ಚಳಿಗಾಲದ ಲೆಕ್ಕ ಕೈಯಲ್ಲಿಲ್ಲದೆ ಮಾರಾಟದ ಬೆಳೆಗೆ ಇಳಿಯಬಾರದು.

ಮುಂದಿನ ವರ್ಷದ ಬೀಜ

ರಾಗಿ, ಭತ್ತ, ಅವರೆಯ ಬೀಜವನ್ನು ಒಣಗಿಸಿ ಮಡಕೆಯಲ್ಲಿಟ್ಟರೆ ಮುಂದಿನ ವರ್ಷಕ್ಕೆ ಆಗುತ್ತದೆ. ಆಲೂಗೆಡ್ಡೆ ಹಾಗಲ್ಲ. ಅದು ಹಸಿ ಗೆಡ್ಡೆ, ಉಸಿರಾಡುವ ವಸ್ತು. ಫೆಬ್ರವರಿಯಲ್ಲಿ ಅಗೆದದ್ದನ್ನು ನವೆಂಬರಿನವರೆಗೆ ಒಂಬತ್ತು ತಿಂಗಳು ನಮ್ಮ ಬೇಸಿಗೆಯಲ್ಲಿ ಮನೆಯಲ್ಲಿಡಲು ಸಾಧ್ಯವಿಲ್ಲ. ಎರಡು ತಿಂಗಳಲ್ಲಿಯೇ ಮೊಳೆತು, ಬತ್ತಿ, ಕೊಳೆಯುತ್ತದೆ. ಇಟ್ಟು ಉಳಿಸಿದರೂ ನಂಜು ರೋಗ ವರ್ಷದಿಂದ ವರ್ಷಕ್ಕೆ ಸೇರುತ್ತಾ ಇಳುವರಿ ಕುಗ್ಗುತ್ತದೆ. ಆದ್ದರಿಂದ ಪ್ರತಿ ವರ್ಷ ಹೊಸ ಬೀಜ ತರುವುದೇ ಸರಿ. ಬಣ್ಣದ ತಳಿಯ ಬೀಜಕ್ಕೆ ದುಬಾರಿ ಬೆಲೆ ಕೊಡುವ ಮುನ್ನ ಈ ಮಾತನ್ನು ನೆನಪಿಡಬೇಕು.

ಅಡುಗೆಯಲ್ಲಿ

ಆಲೂಗೆಡ್ಡೆಯ ತಿರುಳಿನಲ್ಲಿ ಮುಖ್ಯವಾಗಿ ಇರುವುದು ಪಿಷ್ಟ ಮತ್ತು ನೀರು. ಸಿಪ್ಪೆ ಸಮೇತ ಬೇಯಿಸಿದರೆ ಸಿ ಜೀವಸತ್ವ ಹೆಚ್ಚು ಉಳಿಯುತ್ತದೆ. ನೀಲಕಂಠದ ಬಣ್ಣ ಸಿಪ್ಪೆಯಲ್ಲಿರುವುದರಿಂದ ಸುಲಿದರೆ ಬಣ್ಣವೂ ಹೋಯಿತು. ಚೆನ್ನಾಗಿ ತೊಳೆದು ಹಬೆಯಲ್ಲಿ ಬೇಯಿಸಿ, ಸಿಪ್ಪೆಯೊಡನೆ ಪಲ್ಯ ಮಾಡುವುದು ಲೇಸು. ಬಣ್ಣದ ಗೆಡ್ಡೆ ಸಕ್ಕರೆ ಕಾಯಿಲೆಗೆ ಮದ್ದು ಎಂಬ ಪ್ರಚಾರವನ್ನು ನಂಬಬಾರದು. ಬಣ್ಣ ಯಾವುದಾದರೂ ಪಿಷ್ಟ ಪಿಷ್ಟವೇ. ಹಸಿರಾದ, ಕಹಿಯಾದ ಗೆಡ್ಡೆಗಳಲ್ಲಿ ಸೋಲನೀನ್ ಎಂಬ ವಿಷವಿರುತ್ತದೆ. ನೇರಳೆ ಸಿಪ್ಪೆಯ ಗೆಡ್ಡೆಯಲ್ಲಿ ಹಸಿರು ಸುಲಭವಾಗಿ ಕಾಣುವುದಿಲ್ಲವಾದ್ದರಿಂದ ಸ್ವಲ್ಪ ಕೆರೆದು ನೋಡಬೇಕು. ಅಂಥದ್ದನ್ನು ಮಕ್ಕಳಿಗೆ ಕೊಡಬಾರದು. ಗಿಡದ ಸೊಪ್ಪನ್ನು ದನಗಳಿಗೂ ಹಾಕಬಾರದು.

ಕೊಯ್ಲಾದ ಮೇಲೆ ಅದೇ ಮಡಿಗೆ ಟೊಮ್ಯಾಟೊ ಹಾಕದೆ ಅಲಸಂದೆ ಅಥವಾ ಸೊಪ್ಪು, ಮುಂಗಾರಿಗೆ ರಾಗಿ ಹಾಕಬೇಕು. ಅಗೆಯುವಾಗ ಉಳಿದ ಗೆಡ್ಡೆಯಿಂದ ತಾನಾಗಿ ಹುಟ್ಟುವ ಗಿಡಗಳನ್ನು ಕಂಡಲ್ಲಿ ಕೀಳಬೇಕು.

ತಳಿಗಳ ಆಯ್ಕೆ, ಬಿತ್ತನೆ ಗೆಡ್ಡೆಯ ಲಭ್ಯತೆ ಹಾಗೂ ರೋಗದ ಗುರುತಿಗಾಗಿ ರೈತರು ತಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರ, ತಾಲ್ಲೂಕಿನ ತೋಟಗಾರಿಕೆ ಇಲಾಖೆಯ ಕಚೇರಿ ಅಥವಾ ಮಂಡ್ಯದ ವಿ.ಸಿ. ಫಾರಂನಲ್ಲಿರುವ ಕೃಷಿ ವಿಜ್ಞಾನ ಕೇಂದ್ರವನ್ನು ಸಂಪರ್ಕಿಸಬಹುದು. ರೋಗ ಬಿದ್ದ ಗಿಡವನ್ನು ಒಯ್ಯುವಾಗ ಬುಡದ ಮಣ್ಣು ದಾರಿಯಲ್ಲಿ ಉದುರದಂತೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಒಯ್ಯಬೇಕು.